ಅಡುಗೆಮನೆ ಒಡೆಸುವ ಮುಂಚೆ

ಮೈಸೂರಿನ ನಮ್ಮ ಹಳೇ ಮನೆಯ ಅಡುಗೆಮನೆ ಒಡೆಸುವ ಹಿಂದಿನ ದಿನ ಗೊತ್ತಾಯಿತು, ಡಬ್ಬಗಳೇ 40ಕ್ಕಿಂತ ಜಾಸ್ತಿ ಇವೆ ಅಂತ. ಎಲ್ಲವನ್ನೂ ಹಾಲ್‌ಗೆ ಸಾಗಿಸಿದೆವು. ಬಾಲ್ಕನಿಯಲ್ಲಿ ಒಂದು ಇಂಡಕ್ಷನ್ ಒಲೆ, ಕುಕ್ಕರ್, ನಾಲ್ಕು ತಟ್ಟೆ. ಅಷ್ಟೇ ಸಂಸಾರ. ಟೈಲ್ಸ್ ಕೊಯ್ಯುವ ಧೂಳು ಇದೆಯಲ್ಲ, ಅದು ಬೀರುವಿನೊಳಗಿನ ರೇಷ್ಮೆ ಸೀರೆಯನ್ನೂ ಬಿಡುವುದಿಲ್ಲ. ಬಾಗಿಲ ಸಂದಿಗೆ ಒದ್ದೆ ಬೆಡ್‌ಶೀಟ್ ತುರುಕಿ, ಮೇಲೆ ಪ್ಲಾಸ್ಟಿಕ್ ಅಂಟಿಸಿದರೂ ಮಾರನೇ ದಿನ ದೇವರ ಪಟದ ಗಾಜಿನ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದಿತ್ತು. ಮೇಸ್ತ್ರಿ 15 ದಿನ ಅಂದರು, ನಾನು ಮನಸ್ಸಲ್ಲೇ 30 ಅಂದುಕೊಂಡೆ. ಗಾರೆಗೆ 7 ದಿನವಾದರೂ ನೀರು ಹಾಕಬೇಕಲ್ವಾ, ಆ ಲೆಕ್ಕ ಅವರು ಹಿಡಿದೇ ಇರಲಿಲ್ಲ. ಅತ್ತೆ ಮಾತ್ರ ಬುದ್ಧಿವಂತರು, ಸುಮ್ನೆ ಬ್ಯಾಗ್ ಎತ್ತಿಕೊಂಡು ಮಗಳ ಮನೆಗೆ ಹೊರಟರು, ಉಪ್ಪಿನಕಾಯಿ ಭರಣಿಯ ಸಮೇತ.