‘ಬ್ರೇಕಪ್ ಆಯ್ತು’ ಅನ್ನೋದಕ್ಕೆ ಇಂಗ್ಲಿಷ್‌ನಲ್ಲಿ ಏನು ಹೇಳಬೇಕು?

ಬೆಂಗಳೂರಿನ ವಿಜಯನಗರದಲ್ಲಿ ಸಂಜೆ ಹೊತ್ತು ಸ್ಪೋಕನ್ ಇಂಗ್ಲಿಷ್ ಹೇಳಿಕೊಡುತ್ತೇನೆ. ಇಂಟರ್‌ವ್ಯೂಗೆ ತಯಾರಾಗುವವರು, ಪ್ರಮೋಷನ್ ಬೇಕಾದವರು, ಮಗುವಿನ ಸ್ಕೂಲಿನಲ್ಲಿ ಟೀಚರ್ ಹತ್ತಿರ ಮಾತಾಡಲು ಹೆದರುವ ಅಮ್ಮಂದಿರು, ಎಲ್ಲರೂ ಬರುತ್ತಾರೆ. ಕ್ಲಾಸಿನ ಒಳಗೆ ಯಾರೂ ಕೇಳದ ಪ್ರಶ್ನೆ ಒಂದಿದೆ. ಅದು ಬರೋದು ಕ್ಲಾಸ್ ಮುಗಿದ ಮೇಲೆ, ಮೆಟ್ಟಿಲ ಹತ್ತಿರ, ಮೆಲ್ಲಗೆ. “ಮೇಡಂ, ಬ್ರೇಕಪ್ ಆಯ್ತು ಅನ್ನೋದನ್ನ ಇಂಗ್ಲಿಷ್‌ನಲ್ಲಿ ಕರೆಕ್ಟಾಗಿ ಹೇಗೆ ಹೇಳೋದು?” ಅದರ ಹಿಂದೆಯೇ ಇನ್ನೊಂದು: “ಮತ್ತೆ ಒಂದಾಗೋಣ ಅನ್ನೋಕೆ?”

ನಗಬೇಡಿ. ಈ ಊರಲ್ಲಿ ಹುಡುಗ ಮಂಡ್ಯದವನು, ಹುಡುಗಿ ಕೊಚ್ಚಿಯವಳು. ಪರಿಚಯ ಆಗಿದ್ದು ಇಂಗ್ಲಿಷ್‌ನಲ್ಲಿ, ಜಗಳ ಆಡೋದೂ ಇಂಗ್ಲಿಷ್‌ನಲ್ಲೇ. ಸಿಟ್ಟು ಬಂದಾಗ ಮಾತ್ರ ಅವನು ಕನ್ನಡಕ್ಕೆ, ಅವಳು ಮಲಯಾಳಕ್ಕೆ ಇಳಿಯುತ್ತಾರೆ. ಆಗ ಇಬ್ಬರಿಗೂ ಏನೂ ಅರ್ಥವಾಗದೆ ಜಗಳ ಬೇಗ ಮುಗಿಯುತ್ತದಂತೆ.

ತೊಂದರೆ ಇರೋದು ‘ಬ್ರೇಕಪ್’ನಲ್ಲಿ ಅಲ್ಲ, ‘ಆಯ್ತು’ನಲ್ಲಿ. ಊಟ ಆಯ್ತು, ಮಳೆ ಆಯ್ತು, ಬ್ರೇಕಪ್ ಆಯ್ತು. ತಾನಾಗೇ ಆಗಿಹೋಯಿತು, ಯಾರ ಕೈವಾಡವೂ ಇಲ್ಲ. ಇದನ್ನೇ ಪದಕ್ಕೆ ಪದ ಹಾಕಿ ‘ಮೈ ಬ್ರೇಕಪ್ ಹ್ಯಾಪನ್ಡ್’ ಅನ್ನುತ್ತಾರೆ. ಇಂಗ್ಲಿಷ್‌ನಲ್ಲಿ ಹಾಗೆ ಹೇಳುವ ವಾಡಿಕೆ ಇಲ್ಲ. ಅಲ್ಲಿ ಅದು ಯಾರೋ ಮಾಡುವ ಕೆಲಸ. ‘ಐ ಬ್ರೋಕ್ ಅಪ್ ವಿತ್ ಹರ್’ ಅಂದರೆ ಬಿಟ್ಟವನು ನಾನು. ‘ಶಿ ಬ್ರೋಕ್ ಅಪ್ ವಿತ್ ಮಿ’ ಅಂದರೆ ಬಿಟ್ಟವಳು ಅವಳು. ‘ವಿತ್’ ಅಂದರೆ ಜೊತೆ ಅಂತ ಕಲಿತವರಿಗೆ ಇದು ವಿಚಿತ್ರ ಅನಿಸುತ್ತದೆ. ಬಿಟ್ಟು ಹೋಗುವಾಗಲೂ ‘ಜೊತೆ’ ಯಾಕೆ ಬೇಕು? ಬೇಕು, ಅಷ್ಟೇ. ‘ವಿತ್’ ಆದಮೇಲೆ ಯಾರು ಬರುತ್ತಾರೋ ಅವರನ್ನೇ ಬಿಟ್ಟಿದ್ದು.

ಯಾರು ಬಿಟ್ಟರು ಅಂತ ಹೇಳಲು ಇಷ್ಟ ಇಲ್ಲದವರಿಗೆ ‘ವಿ ಬ್ರೋಕ್ ಅಪ್’ ಇದೆ. ನಮ್ಮ ‘ಆಯ್ತು’ಗೆ ಹತ್ತಿರದ ಮಾತು ಇದೇ. ನನ್ನ ಹತ್ತಿರ ಬರುವವರಲ್ಲಿ ಜಾಸ್ತಿ ಜನ ಆರಿಸಿಕೊಳ್ಳೋದೂ ಇದನ್ನೇ. ಮುಖ ನೋಡಿದರೆ ಕಥೆ ಬೇರೆ ಅಂತ ಗೊತ್ತಾಗುತ್ತದೆ. ನಾನು ಸುಮ್ನೆ ಇರುತ್ತೇನೆ, ವ್ಯಾಕರಣ ಸರಿ ಇದೆಯಲ್ಲ.

‘ಅಪ್’ ಒಂದು ತಪ್ಪಬಾರದು. ಒಬ್ಬ ‘ವಿ ಬ್ರೋಕ್ ಡೌನ್’ ಅಂದಿದ್ದ. ಅದು ಸಿಲ್ಕ್ ಬೋರ್ಡ್ ಹತ್ತಿರ ಬಸ್ಸು ಕೆಟ್ಟು ನಿಂತಾಗ ಹೇಳುವ ಮಾತು, ಇಲ್ಲವೇ ಗೊಳೋ ಅಂತ ಅತ್ತಾಗ. ಹಾಗೇ ಮೆಟ್ರೋ ನೆಲದೊಳಗೆ ಇಳಿದು ಫೋನ್‌ನಲ್ಲಿ ದನಿ ಕಡಿದು ಕಡಿದು ಬಂದಾಗ ಆ ಕಡೆಯವರು ‘ಯು ಆರ್ ಬ್ರೇಕಿಂಗ್ ಅಪ್’ ಅಂದರೆ ಗಾಬರಿ ಬೇಡ. ಸಿಗ್ನಲ್ ಸರಿ ಇಲ್ಲ ಅಂತ ಅರ್ಥ. ಬ್ರಿಟನ್ನಿನಲ್ಲಿ ರಜೆಗೆ ಶಾಲೆ ಮುಚ್ಚಿದರೂ ‘ಬ್ರೇಕ್ ಅಪ್’ ಅಂತಲೇ ಹೇಳುತ್ತಾರೆ.

‘ಡಂಪ್’ ಒರಟು ಮಾತು. ರಾತ್ರೋರಾತ್ರಿ ಖಾಲಿ ಸೈಟಿಗೆ ಕಸದ ಚೀಲ ಎಸೆಯೋದನ್ನು ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ‘ಡಿಚ್’ ಕೂಡ ಅದರ ತಮ್ಮನೇ. ಇವಕ್ಕೆ ಸಮ ನಮ್ಮ ‘ಕೈ ಕೊಟ್ಟಳು’. ಆದರೆ ಅದನ್ನು ಹಾಗೇ ಇಂಗ್ಲಿಷ್‌ಗೆ ತಿರುಗಿಸಿ ‘ಶಿ ಗೇವ್ ಮಿ ಎ ಹ್ಯಾಂಡ್’ ಅಂದರೆ ಕೇಳಿದವರು “ಓ, ಎಷ್ಟು ಒಳ್ಳೆಯ ಹುಡುಗಿ” ಅನ್ನುತ್ತಾರೆ. ಅಲ್ಲಿ ಅದು ಸಹಾಯ ಮಾಡಿದಳು ಅಂತ!

ಇನ್ನು ‘ಘೋಸ್ಟಿಂಗ್’. ಹೇಳದೆ ಕೇಳದೆ ಮಾಯವಾಗೋದು. ಅಮೆರಿಕದ ಮೆರಿಯಮ್ ವೆಬ್‌ಸ್ಟರ್ ನಿಘಂಟಿಗೆ ಈ ಅರ್ಥ ಸೇರಿದ್ದು 2017ರಲ್ಲಿ. ನಮ್ಮ ‘ಮಾತು ಬಿಟ್ಟ’ ಇದಕ್ಕೆ ಸರಿಹೋಗಲ್ಲ. ಮಾತು ಬಿಟ್ಟವನು ಕಣ್ಣೆದುರೇ ಮುಖ ತಿರುಗಿಸಿಕೊಂಡು ಓಡಾಡುತ್ತಾನೆ, ಇವನು ಪತ್ತೆಯೇ ಇಲ್ಲ. ಹಿಂದೆ ದೆವ್ವಕ್ಕೆ ಹೆದರಿ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆಯುತ್ತಿದ್ದರಲ್ಲ, ಆ ದೆವ್ವಕ್ಕಾದರೂ ಒಂದು ಉತ್ತರ ಸಿಗುತ್ತಿತ್ತು.

ಒಂದಾಗುವ ಮಾತುಗಳಲ್ಲೇ ಜಾಸ್ತಿ ಎಡವೋದು. ‘ಪ್ಯಾಚಪ್ ಆಯ್ತು’ ನಮ್ಮದೇ ತಯಾರಿ. ಇಂಗ್ಲಿಷಿನವರು ‘ದೇ ಪ್ಯಾಚ್ಡ್ ಥಿಂಗ್ಸ್ ಅಪ್’ ಅನ್ನುತ್ತಾರೆ, ನಡುವೆ ಏನಾದರೊಂದು ಇಟ್ಟು. ಪಂಕ್ಚರ್ ಅಂಗಡಿಯಲ್ಲಿ ಟ್ಯೂಬು ಇಲ್ಲದೆ ಪ್ಯಾಚ್ ಹಾಕಲು ಆಗಲ್ಲ ಅಲ್ವಾ, ಹಾಗೆ. ‘ಮೇಕ್ ಅಪ್’ ಕೂಡ ರಾಜಿಯೇ: ‘ವಿ ಮೇಡ್ ಅಪ್’. ಬರೆಯುವಾಗ ನಡುವೆ ಜಾಗ ಬಿಡಿ, ಕೂಡಿಸಿದರೆ ಲಿಪ್‌ಸ್ಟಿಕ್ ನೆನಪಾಗುತ್ತದೆ. ‘ರೀಕನ್ಸೈಲ್’ ಕೋರ್ಟು ಕಾಗದದ ಪದ. ಅಕೌಂಟ್ಸ್ ಕೆಲಸದ ಹುಡುಗಿಯೊಬ್ಬಳು “ಅದು ಲೆಕ್ಕ ತಾಳೆ ಹಾಕೋದು ತಾನೇ ಮೇಡಂ?” ಅಂದಳು. ಅದೂ ಹೌದು. ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಅನ್ನೋದಕ್ಕೆ ಮಾತ್ರ ಅಷ್ಟೇ ಚಂದದ ಇಂಗ್ಲಿಷ್ ನನಗೆ ಸಿಕ್ಕಿಲ್ಲ.

ಎಲ್ಲಕ್ಕಿಂತ ಅಪಾಯ ‘ಗೆಟ್ ಬ್ಯಾಕ್’. ಮೊನ್ನೆ ಒಬ್ಬ ಹುಡುಗ ಮೆಟ್ಟಿಲ ಹತ್ತಿರ ಫೋನ್ ಚಾಚಿದ. ಮೂರು ವಾರದಿಂದ ಮಾತಿಲ್ಲದ ಹುಡುಗಿಗೆ ವಾಟ್ಸಾಪ್ ಟೈಪ್ ಮಾಡಿದ್ದ. ಕಳಿಸಿರಲಿಲ್ಲ, ಬೆರಳು ಬಾಣದ ಗುರುತಿನ ಪಕ್ಕದಲ್ಲೇ ಇತ್ತು. ‘ಐ ಸ್ಟಿಲ್ ಲವ್ ಯು. ಐ ವಾಂಟ್ ಟು ಗೆಟ್ ಬ್ಯಾಕ್ ಅಟ್ ಯು.’ ಕೊನೆಗೆ ಒಂದು ಕೆಂಪು ಹೃದಯ.

“ಅಯ್ಯೋ, ನಿಲ್ಲಿಸಪ್ಪ!” ಅಂದೆ. ‘ಗೆಟ್ ಬ್ಯಾಕ್ ಅಟ್’ ಅಂದರೆ ಸೇಡು ತೀರಿಸಿಕೊಳ್ಳೋದು. ಮತ್ತೆ ಒಂದಾಗೋದು ‘ಗೆಟ್ ಬ್ಯಾಕ್ ಟುಗೆದರ್’, ಇಲ್ಲವೇ ‘ಗೆಟ್ ಬ್ಯಾಕ್ ವಿತ್’. ಅವನ ಮುಖ ಬೆಳ್ಳಗಾಯಿತು. ಅಲ್ಲೇ ಅಳಿಸಿ, ‘ಕ್ಯಾನ್ ವಿ ಗೆಟ್ ಬ್ಯಾಕ್ ಟುಗೆದರ್?’ ಅಂತ ಬರೆದು, ಕಣ್ಣು ಮುಚ್ಚಿ ಒತ್ತಿದ.

ನಾನು ಬಾಗಿಲಿಗೆ ಬೀಗ ಹಾಕುವಷ್ಟರಲ್ಲಿ ಟಿಂಗ್ ಅಂತು. ಓದಿದ, ಮತ್ತೊಮ್ಮೆ ಓದಿದ, ಫೋನ್ ನನ್ನ ಕಡೆ ತಿರುಗಿಸಿದ. ‘ವಿಲ್ ಗೆಟ್ ಬ್ಯಾಕ್ ಟು ಯು.’

“ಮೇಡಂ, ಇದು ಒಳ್ಳೆಯದಾ, ಕೆಟ್ಟದ್ದಾ?”

ಮ್ಯಾನೇಜರು ನಿನಗೆ ದಿನಾ ಹೇಳ್ತಾರಲ್ಲ, ಆಮೇಲೆ ತಿಳಿಸ್ತೀನಿ ಅಂತ, ಅದೇ ಇದು ಅಂದೆ. ಅವನು ಸ್ವಲ್ಪ ಯೋಚನೆ ಮಾಡಿದ. “ನಮ್ಮ ಮ್ಯಾನೇಜರು ಒಂದು ಸಲ ನಿಜವಾಗ್ಲೂ ತಿಳಿಸಿದ್ರು ಮೇಡಂ” ಅಂದ. ಫೋನನ್ನು ಜೇಬಿಗೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದುಕೊಂಡು ಮೆಟ್ಟಿಲಿಳಿದ.