ಚಕ್ರ ಉರುಳುವಲ್ಲಿಗೆ ಮಾತ್ರ ಕಾಂಕ್ರೀಟು: ನಮ್ಮ ಮನೆ ದಾರಿಯ ಲೆಕ್ಕ

ಹೊಸನಗರ ತಾಲ್ಲೂಕಿನ ನಮ್ಮ ಮನೆಗೆ ದಣಪೆಯಿಂದ (ಬೇಲಿಯ ಬಾಗಿಲು) ಅಂಗಳದವರೆಗೆ ಬರುವ ದಾರಿ 80 ಅಡಿ ಉದ್ದ, 10 ಅಡಿ ಅಗಲ. ಅಷ್ಟರಲ್ಲೇ ಒಂಬತ್ತು ಅಡಿಯಷ್ಟು ಇಳಿಯುತ್ತದೆ. ನಡುವೆ ಹಲಸಿನ ಮರದ ಬುಡದಲ್ಲಿ ಒಂದು ತಿರುವು. ರಸ್ತೆ ಮೇಲೆ, ಮನೆ ಕೆಳಗೆ. ಹಾಗಾಗಿ ರಸ್ತೆಯ ನೀರೆಲ್ಲ ಇದೇ ದಾರಿ ಹಿಡಿದು ಅಂಗಳಕ್ಕೇ ಬರುತ್ತದೆ. ಮಾವನವರ ಕಾಲದಲ್ಲಿ ಹಾಕಿದ್ದ ಕಾಂಕ್ರೀಟು ಪೂರ್ತಿ ಎದ್ದುಹೋಗಿತ್ತು. ಸುಗ್ಗಿಯಲ್ಲಿ ಅಡಿಕೆ ಮೂಟೆ ಒಯ್ಯಲು ಬಂದ ಪಿಕಪ್‌ನವರು ಕೆಳಗಿಳಿಯಲು ಒಪ್ಪದೆ ರಸ್ತೆಯಲ್ಲೇ ನಿಲ್ಲಿಸುತ್ತಿದ್ದರು. ಅದಕ್ಕಿಂತ ಹೆಚ್ಚಾಗಿ, ಮಂಡಿ ನೋವಿನ ಅತ್ತೆ ಮಳೆಗಾಲ ಪೂರ್ತಿ ದಣಪೆ ದಾಟುವಂತಿರಲಿಲ್ಲ. ಹಾವಸೆ (ಪಾಚಿ) ಕಟ್ಟಿದ ಇಳಿಜಾರಿನಲ್ಲಿ ಕೋಲು ಊರಿದರೆ ಕೋಲೇ ಜಾರುತ್ತಿತ್ತು.

ಈ ಬೇಸಿಗೆಯಲ್ಲಿ ಹೊಸದಾಗಿ ಮಾಡಿಸಿದೆವು. ಯಾವುದು ಅಗ್ಗ, ಯಾವುದು ಬಾಳಿಕೆ ಅಂತ ವಿಚಾರಿಸುತ್ತ ಹೋದಾಗ ತಿಳಿದದ್ದನ್ನೆಲ್ಲ ಬರೆದಿಡುತ್ತಿದ್ದೇನೆ. ಮಲೆನಾಡಿನಲ್ಲಿ ಇಳಿಜಾರು ದಾರಿ ಇರುವ ಮನೆಗಳು ನೂರಾರಿವೆ, ಬಹಳ ಮಂದಿಗೆ ಇದೇ ಪ್ರಶ್ನೆ ಇದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇಂಥ ಜಾಗದಲ್ಲಿ ದುಡ್ಡು ಹಾಕಬೇಕಾದ್ದು ನೀರಿಗೆ ಮತ್ತು ಬುಡಕ್ಕೆ. ಮೇಲಿನ ಹೊದಿಕೆ ದಾರಿಯ ಅಷ್ಟೂ ಅಗಲಕ್ಕೆ ಬೇಕಾಗಿಲ್ಲ. ಚಕ್ರ ಉರುಳುವ ಎರಡು ಪಟ್ಟಿ ಗಟ್ಟಿಯಿದ್ದರೆ ಸಾಕು.

ಹಳೇ ಕಾಂಕ್ರೀಟನ್ನು ಒಡೆಸಿದಾಗ ಅದು ಯಾಕೆ ಕೆಟ್ಟಿತು ಅನ್ನುವುದು ಕಣ್ಣಿಗೇ ಕಂಡಿತು. ದಪ್ಪ ಎರಡು ಇಂಚು ದಾಟಿರಲಿಲ್ಲ. ಅಡಿಗೆ ಜಲ್ಲಿಯಿಲ್ಲ, ಕಲ್ಲಿಲ್ಲ, ನೇರ ಮಣ್ಣು. ಒಂದು ಬದಿಯ ಧರೆಯಿಂದ, ಅಂದರೆ ಕಡಿದ ಮಣ್ಣಿನ ದಿಬ್ಬದಿಂದ, ಜಿನುಗುವ ನೀರು ಕಾಂಕ್ರೀಟಿನ ಅಡಿಯಲ್ಲೇ ಹರಿದು ಮಣ್ಣು ಕೊಚ್ಚಿಕೊಂಡು ಹೋಗಿತ್ತು. ಎರಡು ಕಡೆ ಕೈ ತೂರಿಸುವಷ್ಟು ಪೊಳ್ಳು. ಮೇಲೆ ಏನೇ ಹಾಕಿದ್ದರೂ ಅಲ್ಲಿ ಕುಸಿಯಲೇಬೇಕಿತ್ತು. ನಮ್ಮಲ್ಲಿ ಆಷಾಢದಲ್ಲಿ ದಿನಕ್ಕೆ 100 ಮಿಲಿಮೀಟರ್ ಮಳೆ ಬಿದ್ದರೆ ಯಾರೂ ಅದನ್ನು ಸುದ್ದಿ ಅನ್ನುವುದಿಲ್ಲ. ಅಷ್ಟು ಮಳೆಗೆ 800 ಚದರ ಅಡಿಯ ಈ ದಾರಿಯ ಮೇಲೆಯೇ ಏಳು ಸಾವಿರ ಲೀಟರಿಗೂ ಹೆಚ್ಚು ನೀರು ಬೀಳುತ್ತದೆ. ರಸ್ತೆಯದ್ದು, ಧರೆಯದ್ದು ಬೇರೆ.

ಹೊದಿಕೆಗೆ ಏನೇನು ಸಿಗುತ್ತದೆ ಅಂತ ನೋಡಿದೆವು. ಡಾಂಬರು ಬೇಗ ಬಿಟ್ಟುಹೋಯಿತು. ಇಷ್ಟು ಚಿಕ್ಕ ಕೆಲಸಕ್ಕೆ ರೋಲರ್ ತಂದು ಬಿಸಿ ಮಿಶ್ರಣ ತರಿಸಿ ಹಾಕುವವರು ಸಿಗುವುದಿಲ್ಲ. ಸಿಕ್ಕರೂ ಮರದ ನೆರಳಲ್ಲಿ ಸದಾ ಒದ್ದೆಯಿರುವ ನೆಲದಲ್ಲಿ ಜಲ್ಲಿಯಿಂದ ಡಾಂಬರು ಬಿಡುತ್ತದೆ. ಕಲಬುರಗಿ ಕಡೆಯ ಶಹಾಬಾದ್ ಕಲ್ಲು ನೋಡಲು ಚೆಂದ. ಆದರೆ ಸಾಗಣೆಯ ಖರ್ಚು ನಮ್ಮವರೆಗೆ ಬರುವಾಗ ಕಲ್ಲಿನ ಬೆಲೆಯನ್ನೇ ಮೀರುತ್ತದೆ. ಅಡಿಯಲ್ಲಿ ಸ್ವಲ್ಪ ಪೊಳ್ಳಿದ್ದರೂ ಚಕ್ರದ ಭಾರಕ್ಕೆ ಬಿರಿಯುತ್ತದೆ, ಮಳೆಯಲ್ಲಿ ಜಾರುತ್ತದೆ. ಜಂಬಿಟ್ಟಿಗೆ ನಮ್ಮದೇ ನೆಲದ್ದು, ನನಗೆ ಬಹಳ ಇಷ್ಟ. ಗಾಳಿಗೆ ಒಡ್ಡಿಕೊಂಡಷ್ಟೂ ಗಟ್ಟಿಯಾಗುವ ಕಲ್ಲು ಅದು. ಗೋಡೆಗೆ, ಮೆಟ್ಟಿಲಿಗೆ, ಧರೆಯ ಕಟ್ಟಣೆಗೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಒಂದೇ ಲೋಡಿನಲ್ಲಿ ಗಟ್ಟಿ ಕಲ್ಲೂ ಮೆದು ಕಲ್ಲೂ ಬೆರೆತು ಬರುತ್ತವೆ, ಮೆದುವಾದವು ಚಕ್ರದಡಿ ಸವೆದು ಗುಂಡಿಯಾಗುತ್ತವೆ.

ಜಲ್ಲಿ ಹಾಸುವುದು ಎಲ್ಲಕ್ಕಿಂತ ಅಗ್ಗ. ಸಮತಟ್ಟಿನ ಅಂಗಳಕ್ಕೆ 40 ಎಂಎಂ ಜಲ್ಲಿ ಹಾಕಿ, ಮೇಲೆ ಬೇಬಿ ಜಲ್ಲಿ, ಕ್ರಷರ್ ಡಸ್ಟ್ ಹಾಕಿ ದಮ್ಮಸು ಮಾಡಿದರೆ ವರ್ಷಗಟ್ಟಲೆ ಬರುತ್ತದೆ. ಕೈ ಬಿಗಿಯಿರುವವರಿಗೆ ನಾನು ಅದನ್ನೇ ಹೇಳುತ್ತೇನೆ. ಇಳಿಜಾರಿನಲ್ಲಿ ಮಾತ್ರ ಬೇಡ. ಬ್ರೇಕು ಒತ್ತಿದಾಗಲೆಲ್ಲ ಚಕ್ರ ಜಲ್ಲಿಯನ್ನು ಕೆಳಗೆ ತಳ್ಳುತ್ತದೆ, ಉಳಿದಿದ್ದನ್ನು ಮಳೆ ತಳ್ಳುತ್ತದೆ.

ಹೆಚ್ಚು ಯೋಚನೆ ಮಾಡಿದ್ದು ಒಂದಕ್ಕೊಂದು ಕಚ್ಚಿಕೊಳ್ಳುವ ಸಿಮೆಂಟು ಬ್ಲಾಕಿನ, ಅಂದರೆ ಇಂಟರ್‌ಲಾಕ್ ಬಗ್ಗೆ. ಈಗ ಊರಲ್ಲಿ ಯಾರ ಮನೆಗೆ ಹೋದರೂ ಅದೇ. 60 ಎಂಎಂ ಬ್ಲಾಕು, ಜೋಡಿಸುವ ಕೂಲಿ ಸೇರಿ ಚದರ ಅಡಿಗೆ 75 ರೂಪಾಯಿ ಅಂತ ನಮಗೆ ಹೇಳಿದರು. ಅದರಲ್ಲಿ ಬುಡ ಗಟ್ಟಿ ಮಾಡುವ ಖರ್ಚಾಗಲಿ, ಅಂಚಿನ ಕಾಂಕ್ರೀಟಾಗಲಿ ಸೇರಿಲ್ಲ. ಬ್ಲಾಕುಗಳಿಗೆ ಐಎಸ್ 15658 ಅನ್ನುವ ಮಾನದಂಡ ಇದೆ. ಲಘು ವಾಹನ ಓಡಾಡುವಲ್ಲಿಗೆ 60 ಎಂಎಂ ದಪ್ಪ, ಎಂ35 ದರ್ಜೆ (ಎಂ ಮುಂದಿನ ಸಂಖ್ಯೆ ಹೆಚ್ಚಿದಷ್ಟೂ ಬ್ಲಾಕು ಗಟ್ಟಿ). ಅದಕ್ಕಿಂತ ಭಾರ ಇದ್ದರೆ 80 ಎಂಎಂ, ಎಂ40. ಅಂಗಡಿಯಲ್ಲಿ 50 ಎಂಎಂ ತೋರಿಸಿ "ಕಾರಿಗೆ ಇದೇ ಸಾಕು" ಅಂದರೆ ಒಪ್ಪಬೇಡಿ, ಅದು ಜನ ನಡೆದಾಡುವಲ್ಲಿಗೆ. ಇನ್ನೊಂದು ವಿಷಯ: ರಬ್ಬರ್ ಅಚ್ಚಿನಲ್ಲಿ ಎರೆದ ಬ್ಲಾಕಿನ ಮೇಲ್ಮೈ ನುಣುಪಾಗಿ ಹೊಳೆಯುತ್ತದೆ, ಮೆಷಿನ್ನಿನಲ್ಲಿ ಒತ್ತಿದ್ದು ತರಿತರಿಯಾಗಿರುತ್ತದೆ. ಮಳೆ ಊರಿಗೆ ತರಿತರಿಯಾದ್ದೇ ಬೇಕು.

ಶಿವಮೊಗ್ಗದಲ್ಲಿರುವ ನಾದಿನಿ ಮನೆಯ ಇಂಟರ್‌ಲಾಕ್ ಇವತ್ತಿಗೂ ಸಾಲು ತಪ್ಪಿಲ್ಲ. ಅಲ್ಲಿ ನೆಲ ಸಮ, ಬಿಸಿಲು ಚೆನ್ನಾಗಿ ಬೀಳುತ್ತದೆ. ತೀರ್ಥಹಳ್ಳಿ ಹತ್ತಿರದ ಸಹೋದ್ಯೋಗಿಯೊಬ್ಬರ ಮನೆಗೂ ಹೋಗಿ ನೋಡಿದೆ. ಅವರದ್ದು ನಮ್ಮಂಥದ್ದೇ ಇಳಿಜಾರು. ಸಂದಿನ ಪುಡಿ ಮಳೆಗೆ ತೊಳೆದುಹೋಗಿ, ಹಿಂದೆಯೇ ಅಡಿಯ ಪುಡಿಯೂ ಹೋಗಿ, ಚಕ್ರದ ಸಾಲಿನಲ್ಲಿ ಬ್ಲಾಕುಗಳು ಎರಡಿಂಚು ತಗ್ಗಿದ್ದವು. ಕೆಳತುದಿಯಲ್ಲಿ ಅಡ್ಡಕ್ಕೆ ಗಟ್ಟಿ ಅಂಚು ಕಟ್ಟದ ಕಾರಣ ಇಡೀ ಹಾಸು ಕೆಳಗೆ ಸರಿದಿತ್ತು. ತೆಗೆದು ಮತ್ತೆ ಜೋಡಿಸಬಹುದು ಅನ್ನುವುದು ಇಂಟರ್‌ಲಾಕಿನ ದೊಡ್ಡ ಗುಣ, ನಿಜ. ಆದರೆ ಎರಡು ಮಳೆಗಾಲಕ್ಕೊಮ್ಮೆ ಆ ಕೂಲಿ ಕೊಡಲು ನಮ್ಮಿಂದಾಗದು.

ಕಾಂಕ್ರೀಟು ಐದಿಂಚು ದಪ್ಪಕ್ಕೆ ಸಾಮಾನು, ಕೂಲಿ ಸೇರಿ ಚದರ ಅಡಿಗೆ ನೂರರ ಆಸುಪಾಸು ಬಿತ್ತು. ಪೂರ್ತಿ ಅಗಲಕ್ಕೆ ಹಾಕಿದರೆ 80 ಸಾವಿರ. ಅಡಿಗೆ ಕಲ್ಲು ಹಾಸುವುದು, ಕಾಲುವೆ, ಎಲ್ಲ ಸೇರಿದರೆ ಒಂದು ಲಕ್ಷ ದಾಟುತ್ತಿತ್ತು. ಆಗ ನೆನಪಾದದ್ದು ತೋಟಕ್ಕೆ, ಗುಡ್ಡದ ಮೇಲಿನ ಮನೆಗಳಿಗೆ ಹೋಗುವ ಕೆಲವು ದಾರಿಗಳು. ಚಕ್ರ ಹೋಗುವಲ್ಲಿ ಎರಡು ಪಟ್ಟಿ ಕಾಂಕ್ರೀಟು, ನಡುವೆ ಹುಲ್ಲು. ಮೇಸ್ತ್ರಿ ಹತ್ತಿರ ಕೇಳಿದೆ. "ಆಗ್ತದೆ ಟೀಚರೇ, ಆದ್ರೆ ತಿರುವಲ್ಲಿ ಆಗೂದಿಲ್ಲ" ಅಂದರು. ಅವರ ಮಾತು ಸರಿಯಿತ್ತು. ತಿರುಗುವಾಗ ಹಿಂದಿನ ಚಕ್ರ ಮುಂದಿನದ್ದರ ಜಾಡಿನಲ್ಲಿ ಬರುವುದಿಲ್ಲ, ಒಳಗೆ ಕತ್ತರಿಸಿಕೊಂಡು ಬರುತ್ತದೆ. ಹಾಗಾಗಿ ಹಲಸಿನ ಮರದ ಹತ್ತಿರ 15 ಅಡಿಗೆ ಪೂರ್ತಿ ಅಗಲ, ಉಳಿದ 65 ಅಡಿಗೆ ಎರಡೂವರೆ ಅಡಿಯ ಎರಡು ಪಟ್ಟಿ, ನಡುವೆ ಎರಡೂಕಾಲು ಅಡಿ ಬಿಡುವು ಅಂತ ತೀರ್ಮಾನಿಸಿದೆವು. ನಮ್ಮ ಕಾರನ್ನೂ ಪಿಕಪ್ಪನ್ನೂ ನಿಲ್ಲಿಸಿ ಚಕ್ರದಿಂದ ಚಕ್ರಕ್ಕೆ ಟೇಪು ಹಿಡಿದೇ ಆ ಅಳತೆ ಹಾಕಿದ್ದು. ಒಟ್ಟು 475 ಚದರ ಅಡಿ. ಸಿಮೆಂಟು ಒಂದು, ಎಂ ಸ್ಯಾಂಡ್ ಒಂದೂವರೆ, ಜಲ್ಲಿ ಮೂರು ಪಾಲಿನ ಲೆಕ್ಕಕ್ಕೆ 45 ಚೀಲ ಸಿಮೆಂಟು. ಪೂರ್ತಿ ಹಾಕಿದ್ದರೆ 75 ಚೀಲ ಬೇಕಿತ್ತು. (2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಬಿಲ್ಲು ತೆಗೆದುಕೊಂಡೇ ಖರೀದಿಸಿ.)

ಎಲ್ಲಕ್ಕೂ ಮೊದಲು ಮಾಡಿಸಿದ್ದು ಕಾಲುವೆ. ಧರೆಯ ಬುಡಕ್ಕೆ ಉದ್ದಕ್ಕೂ ಒಂದು, ದಣಪೆಯ ಹತ್ತಿರ ರಸ್ತೆಯ ನೀರನ್ನು ಪಕ್ಕಕ್ಕೆ ತಿರುಗಿಸಲು ಇನ್ನೊಂದು. ಕೆಳಗೆ ಅಂಗಳ ಸೇರುವಲ್ಲಿ ಅಡ್ಡ ಕಾಲುವೆ ತೋಡಿ ಕಬ್ಬಿಣದ ಜಾಲರಿ ಮುಚ್ಚೋಣ ಅನ್ನುವುದು ಮೇಸ್ತ್ರಿಯ ಸಲಹೆಯಾಗಿತ್ತು. ಅತ್ತೆ ಅದನ್ನು ಕೇಳಿದವರೇ "ದನದ ಕಾಲು ಸಿಕ್ಕಿಹಾಕಿಕೊಂಡ್ರೆ ಏನು ಮಾಡ್ತೀರಿ?" ಅಂದರು. ನಮ್ಮ ಎರಡು ಹಸು ದಿನಾ ಅದೇ ದಾರಿಯಲ್ಲಿ ಹೋಗಿಬರುತ್ತವೆ. ಜಾಲರಿ ಬಿಟ್ಟು, ಅಡ್ಡಕ್ಕೆ ನಾಲ್ಕು ಅಡಿ ಅಗಲದ ಆಳವಿಲ್ಲದ ತಗ್ಗು ಕಾಂಕ್ರೀಟಿನಲ್ಲೇ ಎಳೆಸಿದೆವು. ನಡುವೆ ಮೂರು ಇಂಚು ಆಳ, ಒಂದು ಬದಿಗೆ ಇಳಿಜಾರು. ನೀರು ಅಲ್ಲೇ ತಿರುಗಿ ತೋಟಕ್ಕೆ ಹೋಗುತ್ತದೆ. ಕಾರಿನ ಹೊಟ್ಟೆ ತಾಗುವುದಿಲ್ಲ, ಹಸುವಿಗೂ ತೊಂದರೆಯಿಲ್ಲ, ಎಲೆ ಕಟ್ಟಿಕೊಂಡರೆ ಪೊರಕೆಯಲ್ಲಿ ಗುಡಿಸಿದರಾಯಿತು. ಇಡೀ ಕೆಲಸದಲ್ಲಿ ನನಗೆ ಬಹಳ ಸಮಾಧಾನ ಕೊಟ್ಟದ್ದು ಇದು.

ಒಡೆದ ಹಳೇ ಕಾಂಕ್ರೀಟಿನ ತುಂಡುಗಳನ್ನು ಹೊರಗೆ ಸಾಗಿಸಲಿಲ್ಲ. ಪಟ್ಟಿಗಳ ಅಡಿಗೆ ಅವನ್ನೇ ಒತ್ತಾಗಿ ಹಾಸಿ, ಸಂದಿಗೆ ಜಲ್ಲಿ, ಡಸ್ಟ್ ತುಂಬಿ, ಪೇಟೆಯಿಂದ ಕಂಪ್ಯಾಕ್ಟರ್ ಬಾಡಿಗೆಗೆ ತಂದು ಕೂರಿಸಿದರು. ಲೋಡು ಕಲ್ಲಿನ ದುಡ್ಡೂ ಉಳಿಯಿತು, ಸಾಗಣೆಯದ್ದೂ ಉಳಿಯಿತು.

ಕಾಂಕ್ರೀಟು ಹಾಕುವ ದಿನ ಶಾಲೆಗೆ ರಜೆ ಹಾಕಿ ಮನೆಯಲ್ಲೇ ಇದ್ದೆ. ನೀವೂ ಇರಿ. ಯಾಕೆಂದರೆ ಆ ದಿನ ಕೆಡುವುದು ನೀರಿನಲ್ಲಿ. ಗಟ್ಟಿ ಕಲಸಿದ್ದನ್ನು ಹರಡುವುದು ಕಷ್ಟ, ಕೊಡಪಾನ ನೀರು ಸುರಿದರೆ ತಾನಾಗಿ ಹರಡಿಕೊಳ್ಳುತ್ತದೆ, ಕೆಲಸದವರ ಕೈಯೂ ಬಳಲುವುದಿಲ್ಲ. ಆದರೆ ಆ ಹೆಚ್ಚಿನ ನೀರು ಆಮೇಲೆ ಆರಿಹೋದ ಜಾಗವೆಲ್ಲ ಸಣ್ಣ ಸಣ್ಣ ತೂತಾಗಿ ಉಳಿಯುತ್ತದೆ, ಕಾಂಕ್ರೀಟಿನ ಬಲವೇ ಇಳಿಯುತ್ತದೆ. ಇಳಿಜಾರಿನಲ್ಲಂತೂ ತೆಳ್ಳಗಿನದು ಕೆಳಗೇ ಜಾರುತ್ತದೆ. ಮೇಸ್ತ್ರಿ ಹತ್ತಿರ ಹಿಂದಿನ ದಿನವೇ ಮಾತಾಡಿದ್ದೆ, ಅದಕ್ಕಾಗಿ ಒಬ್ಬ ಆಳನ್ನೂ ಹೆಚ್ಚಿಗೆ ಕರೆಸಿದ್ದೆ. ಬಾಣಲೆಯಿಂದ ಸುರಿದ ಗುಪ್ಪೆ ಹಾಗೇ ನಿಲ್ಲಬೇಕು, ಕರಣೆಯಿಂದ ತಟ್ಟಿದರೆ ಮಾತ್ರ ಕೂರಬೇಕು. ಹಾಗೇ ಹಾಕಿದರು.

ಎಂಟು ಅಡಿಗೊಂದು ಚೌಕ. ಒಂದು ಬಿಟ್ಟು ಒಂದು ಹಾಕಿ, ಮಾರನೆಯ ದಿನ ನಡುವಿನವು. ಹೀಗೆ ಮಾಡಿದರೆ ಕಾಂಕ್ರೀಟು ಕುಗ್ಗುವಾಗ ಬಿರುಕು ಚೌಕಗಳ ನಡುವಿನ ಗೆರೆಯಲ್ಲೇ ಬರುತ್ತದೆ, ಸಿಕ್ಕಸಿಕ್ಕಲ್ಲಿ ಬರುವುದಿಲ್ಲ. ಮೇಲ್ಮೈಯನ್ನು ನಮ್ಮ ಕಡೆ ಸಿಮೆಂಟು ಪುಡಿ ಉದುರಿಸಿ ನುಣ್ಣಗೆ ಹೊಳೆಯುವ ಹಾಗೆ ತೀಡುವ ರೂಢಿ ಇದೆ. ದಾರಿಗೆ ಅದನ್ನು ಖಂಡಿತ ಮಾಡಿಸಬೇಡಿ. ಆ ಪದರ ಸಿಪ್ಪೆಯ ಹಾಗೆ ಏಳುತ್ತದೆ, ಏಳುವವರೆಗೆ ಜಾರುತ್ತದೆ. ಮೇಲೆ ಬಂದ ನೀರಿನ ಪಸೆ ಆರುವುದನ್ನು ಕಾದು, ತೆಂಗಿನ ಕಡ್ಡಿಯ ಪೊರಕೆಯಿಂದ ಇಳಿಜಾರಿಗೆ ಅಡ್ಡಲಾಗಿ ಗೆರೆ ಎಳೆಸಿದೆವು. ಗೆರೆ ಎಳೆಯುವ ಹೊತ್ತು ಮುಖ್ಯ. ಬೇಗ ಎಳೆದರೆ ಜಲ್ಲಿ ಕಿತ್ತು ಬರುತ್ತದೆ, ತಡವಾದರೆ ಗೆರೆ ಮೂಡುವುದೇ ಇಲ್ಲ. ಬೆರಳು ಒತ್ತಿದರೆ ಅಚ್ಚು ಬೀಳಬೇಕು, ಬೆರಳಿಗೆ ನೀರು ಅಂಟಬಾರದು. ಮೇಸ್ತ್ರಿ ಹಾಗೆ ನೋಡಿ ನೋಡಿ ಒಂದೊಂದೇ ಚೌಕಕ್ಕೆ ಎಳೆದರು. ಆಮೇಲೆ ಗೋಣಿಚೀಲ ಹೊದಿಸಿ ಹತ್ತು ದಿನ ಒದ್ದೆಯಾಗಿಟ್ಟೆವು. ಈಗ ಸಿಗುವ, ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟಿಗೆ ಅಷ್ಟಾದರೂ ಬೇಕು. ಪಿಕಪ್ ಬಿಟ್ಟದ್ದು ಒಂದು ತಿಂಗಳಾದ ಮೇಲೆ.

ನಡುವಿನ ಬಿಡುವಿಗೆ ಬಿಸಿಲು ಬೀಳುವಲ್ಲಿ ಗರಿಕೆ ನೆಟ್ಟಿದ್ದೇವೆ, ಮಣ್ಣು ಹಿಡಿಯಲು ಅದಕ್ಕಿಂತ ಒಳ್ಳೆಯ ಹುಲ್ಲಿಲ್ಲ. ಹಲಸಿನ ನೆರಳಿನಲ್ಲಿ ಗರಿಕೆ ಬಾಳುವುದಿಲ್ಲ, ಅಲ್ಲಿ ಉಳಿದ ಕಾಂಕ್ರೀಟು ತುಂಡುಗಳನ್ನು ಅಂಚಿಗೆ ನಿಲ್ಲಿಸಿ ಹೂತಿದ್ದೇವೆ. ನಡುವೆ ಬಿದ್ದ ಮಳೆ ಅಲ್ಲೇ ಇಂಗುತ್ತದೆ, ಹಾಗಾಗಿ ಕೆಳಗೆ ಬರುವ ನೀರೂ ಕಡಿಮೆ.

ಕಾಲುವೆ, ತಗ್ಗು, ಬುಡ, ಒಡೆಯುವ ಕೂಲಿ, ಕಂಪ್ಯಾಕ್ಟರ್ ಬಾಡಿಗೆ ಎಲ್ಲ ಸೇರಿ 62 ಸಾವಿರದ ಹತ್ತಿರ ಆಯಿತು. ಮೊದಲ ದೊಡ್ಡ ಮಳೆ ಬಿದ್ದ ದಿನ ಕೊಡೆ ಹಿಡಿದು ಹೋಗಿ ನೋಡಿದೆ: ಧರೆಯ ನೀರು ಕಾಲುವೆಯಲ್ಲೇ ಇತ್ತು, ಅಡ್ಡ ತಗ್ಗಿನ ಈಚೆ ಅಂಗಳಕ್ಕೆ ಒಂದು ಹನಿಯೂ ದಾಟಿರಲಿಲ್ಲ. ಹಾವಸೆ ಬರುವುದಿಲ್ಲ ಅಂತ ಹೇಳಲಾರೆ, ನೆರಳಿದ್ದಲ್ಲಿ ಬಂದೇ ಬರುತ್ತದೆ. ಗೆರೆ ಇರುವುದರಿಂದ ಕಾಲು ನಿಲ್ಲುತ್ತದೆ. ತಿಂಗಳಿಗೊಮ್ಮೆ ಗಟ್ಟಿ ಪೊರಕೆಯಿಂದ ಉಜ್ಜುತ್ತೇವೆ. ಅತ್ತೆಗಾಗಿ ಒಂದು ಬದಿಗೆ ಪೈಪಿನ ಕೈಹಿಡಿ ಹಾಕಿಸಿದ್ದೇವೆ, ಈಗ ಹಾಲು ಡೇರಿಗೆ ಅವರೇ ಹೋಗುತ್ತಾರೆ.

ಇನ್ನು ಕೊಟ್ಟಿಗೆಯ ಮುಂದಿನ ಸಮತಟ್ಟು ಜಾಗ ಉಳಿದಿದೆ. ಪಿಕಪ್ ತಿರುಗುವುದು ಅಲ್ಲೇ, ಅಡಿಕೆ ಹರಗುವುದೂ ಅಲ್ಲೇ. ಹೊಸದಾಗಿ ಮಣ್ಣು ತುಂಬಿಸಿದ್ದರಿಂದ ಈ ಮಳೆಗಾಲ ಕುಸಿಯುವಷ್ಟು ಕುಸಿಯಲಿ ಅಂತ ಗೊಚ್ಚುಮಣ್ಣು ಹಾಕಿ ಬಿಟ್ಟಿದ್ದೇವೆ. ಅಲ್ಲಿಗೆ ಮಾತ್ರ ಇಂಟರ್‌ಲಾಕೇ ಸರಿ ಅನ್ನಿಸುತ್ತಿದೆ, 80 ಎಂಎಂ. ಶಿವಮೊಗ್ಗ, ಸಾಗರದ ಕಡೆ ಮೆಷಿನ್ನಿನಲ್ಲಿ ಒತ್ತಿದ ಒಳ್ಳೆಯ ಬ್ಲಾಕು ತರಿಸಿ ಎರಡು ಮಳೆಗಾಲ ಕಂಡವರು ಯಾರಾದರೂ ಇದ್ದರೆ ಎಷ್ಟಾಯಿತು, ಹೇಗಿದೆ ಅಂತ ಬರೆಯಿರಿ. ದೀಪಾವಳಿಯೊಳಗೆ ಆರ್ಡರ್ ಕೊಡಬೇಕು.