ಎಂಟು ಮಾತ್ರೆ ಸುಮ್ಮನಿರಲು ಆಗಲಿಲ್ಲ

ನಮ್ಮ ಮ್ಯಾನೇಜರ್ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಮೆಸೇಜ್ ಪಿನ್ ಮಾಡಿಟ್ಟಿದ್ದಾರೆ: ‘ಬ್ಯಾಂಡ್ ನಿಂತ ತಕ್ಷಣ ಫಿಲ್ಲರ್ ಬರಬೇಕು. ಹಾಲ್ ಒಂದು ಸೆಕೆಂಡ್ ಕೂಡ ಖಾಲಿ ಇರಬಾರದು.’ ಫಿಲ್ಲರ್ ಅಂದರೆ ನಡುವಿನ ಖಾಲಿ ಹೊತ್ತಿಗೆ ಲ್ಯಾಪ್‌ಟಾಪಿನಿಂದ ಹಾಕುವ ರೆಕಾರ್ಡೆಡ್ ಸಂಗೀತ. ಪಣಜಿಯ ಹಳೇ ಮನೆಯೊಂದರಲ್ಲಿ ಅರವತ್ತು ಕುರ್ಚಿ ಹಾಕಿ ನಡೆಸುವ ರೆಸ್ಟೋರೆಂಟ್ ಇದು. ಸೌಂಡ್ ನನ್ನ ಕೆಲಸ. ಕಳೆದ ಜುಲೈನಲ್ಲಿ ಒಂದು ರಾತ್ರಿ ಆ ಮೆಸೇಜನ್ನು ಚಾಚೂ ತಪ್ಪದೆ ಪಾಲಿಸಿದೆ. ಈಗಲೂ ನೆನೆಸಿಕೊಂಡರೆ ಕಿವಿ ಬಿಸಿಯಾಗುತ್ತದೆ.

ಹುಬ್ಬಳ್ಳಿಯಲ್ಲಿ ಎಂಟು ವರ್ಷ ರಸಮಂಜರಿ, ಗಣಪತಿ ಪೆಂಡಾಲು ಅಂತ ತಿರುಗಿದವನು ನಾನು. ಅಲ್ಲಿ ಎಲ್ಲದಕ್ಕೂ ಮೈಕ್, ಎಲ್ಲವೂ ಜೋರು. ಆ ರಾತ್ರಿ ಬಂದದ್ದು ಐದು ಜನರ ಜಾಝ್ ಬ್ಯಾಂಡ್. ಸ್ಯಾಕ್ಸ್, ಕೀಬೋರ್ಡ್, ನಿಂತು ನುಡಿಸುವ ದೊಡ್ಡ ಬೇಸ್, ಡ್ರಮ್ಸ್, ಎರಡನೇ ಸೆಟ್ಟಿಗೆ ಕೈಯಲ್ಲಿ ಬಡಿಯುವ ಉದ್ದನೆಯ ಡ್ರಮ್, ಕಾಂಗಾ. ಡ್ರಮ್ಸಿಗೇ ಐದು ಮೈಕ್ ಇಟ್ಟೆ. ಸ್ಯಾಕ್ಸ್ ನುಡಿಸುವ ಅಂಕಲ್ ಎಪ್ಪತ್ತರ ಹತ್ತಿರದವರು, ಇದೇ ಊರಿನವರು. ‘ಇಷ್ಟು ಚಿಕ್ಕ ರೂಮಿಗೆ ಇದೆಲ್ಲಾ ಬೇಕಾ?’ ಎಂದು ಹಿಂದಿಯಲ್ಲಿ ಕೇಳಿದರು. ‘ನೀವು ನುಡಿಸಿ ಅಂಕಲ್, ಮಿಕ್ಕಿದ್ದು ನನಗೆ ಬಿಡಿ’ ಎಂದೆ.

ಮೊದಲ ಸೆಟ್ ಪೂರ್ತಿ ಸ್ವಿಂಗ್. ಬೇಸ್ ಒಂದೊಂದೇ ಹೆಜ್ಜೆ ಇಟ್ಟು ನಡೆಯುತ್ತದೆ, ಕಾಲಲ್ಲಿ ಒತ್ತುವ ಜೋಡಿ ತಾಳ, ಹೈ-ಹ್ಯಾಟ್, ಎರಡನೇ ಮತ್ತು ನಾಲ್ಕನೇ ಮಾತ್ರೆಗೆ ಚಿಕ್ ಅನ್ನುತ್ತದೆ. ಬೇಸ್ ಸೋಲೋ ಬಂದಾಗ ಡ್ರಮ್ಮರ್ ಬ್ರಶ್ ಹಿಡಿದು ಪಿಸುಗುಟ್ಟುವಷ್ಟು ಇಳಿದ. ನನಗೆ ಗಾಬರಿ. ಸದ್ದು ಏರಿಸುವ ಫೇಡರ್ ಮೇಲೆ ತಳ್ಳಿದೆ. ಅವನು ಇನ್ನೂ ಇಳಿಸಿದ. ನಾನು ಇನ್ನೂ ಏರಿಸಿದೆ. ಕೊನೆಗೆ ಬೇಸ್ ಊಂ ಅಂತ ಫೀಡ್‌ಬ್ಯಾಕ್ ಕೊಟ್ಟಿತು, ಮುಂದಿನ ಟೇಬಲ್‌ನವರು ತಿರುಗಿ ನೋಡಿದರು. ನಾನು ಬೇಸ್ ಪಿಕಪ್ಪಿಗೆ ಬೈದುಕೊಂಡೆ.

‘ಅಣ್ಣಾ, ಈ ಹಾಡು ಮುಗಿಯೂದ ಇಲ್ಲೇನು?’ ಎಂದು ಪ್ಲೇಟ್ ಎತ್ತಲು ಕಾದಿದ್ದ ಗದಗಿನ ಹುಡುಗ ಕೇಳಿದ. ‘ನಾಕ್ ಸಲ ಮುಗೀತು ಅನಕೊಂಡೆ.’ ನಾನೂ ಅಷ್ಟೇ ಸಲ ಅಂದುಕೊಂಡಿದ್ದೆ ಅಂತ ಅವನಿಗೆ ಹೇಳಲಿಲ್ಲ.

ಎರಡನೇ ಸೆಟ್ ಲ್ಯಾಟಿನ್. ಮಳೆಗಾಲದ ತೇವಕ್ಕೆ ಕಾಂಗಾ ಚರ್ಮ ಸಡಿಲಾಗಿತ್ತು. ಕಾಂಗಾದವನು ಸ್ಪ್ಯಾನರ್ ಹಿಡಿದು ಬಿಗಿದುಕೊಂಡು ಕೂತ. ಲ್ಯಾಟಿನ್ ಸಂಗೀತದ ಬುಡದಲ್ಲಿರುವ ಲಯ, ಕ್ಲಾವೆ, ಶುರುವಾಯಿತು: ನಾಲ್ಕು ನಾಲ್ಕು ಮಾತ್ರೆಯ ಎರಡು ಬಾರಿನಲ್ಲಿ ಐದೇ ಏಟು, ಮೊದಲು ಮೂರು, ಆಮೇಲೆ ಎರಡು. ಅದನ್ನು ಬಡಿಯುವುದು ನಿಲ್ಲಿಸಿದರೂ ಎಲ್ಲರ ಕೈ ಅದಕ್ಕೇ ಕಟ್ಟಿಕೊಂಡಿರುತ್ತದೆ. ಬೇಸ್ ಬಾರಿನ ಮೊದಲ ಮಾತ್ರೆ ‘ಒಂದು’ ಬರುವವರೆಗೆ ಕಾಯುವುದೇ ಇಲ್ಲ, ಮೊದಲೇ ಬೀಳುತ್ತದೆ. ಊಟ ಬಿಟ್ಟು ಜನ ಕಾಲು ಕುಣಿಸತೊಡಗಿದರು.

ಆಗ ಅಂಕಲ್ ಅಂಗೈಯಿಂದ ತಮ್ಮ ನೆತ್ತಿ ತಟ್ಟಿಕೊಂಡರು. ವೇದಿಕೆಯವರಿಗೆ ಕೇಳಿಸುವ ಸ್ಪೀಕರ್, ಮಾನಿಟರ್, ಏರಿಸು ಅಂತಿದ್ದಾರೆ ಅಂದುಕೊಂಡು ಏರಿಸಿದೆ. ಸ್ವಲ್ಪ ಹೊತ್ತಿಗೆ ಐದೂ ಜನ ಒಟ್ಟಿಗೆ, ಕತ್ತಿಯಿಂದ ಕಡಿದ ಹಾಗೆ, ನಿಂತರು.

ಪಿನ್ ಮಾಡಿದ ಮೆಸೇಜ್ ನನ್ನ ಬೆರಳಲ್ಲೇ ಕೂತಿತ್ತು. ಎಡಗೈ ಇಡೀ ಬ್ಯಾಂಡಿನ ಸದ್ದು ಒಮ್ಮೆಗೇ ಮುಚ್ಚುವ ಮ್ಯೂಟ್ ಗ್ರೂಪ್ ಒತ್ತಿತು, ಬಲಗೈ ಲ್ಯಾಪ್‌ಟಾಪಿನ ಸ್ಪೇಸ್ ಬಾರ್ ಒತ್ತಿತು.

ಅದು ಎರಡು ಬಾರಿನ ಬ್ರೇಕ್. ಎಂಟು ಮಾತ್ರೆ. ಆ ಸ್ಪೀಡಿಗೆ ಎರಡೂವರೆ ಸೆಕೆಂಡ್ ಕೂಡ ಆಗುವುದಿಲ್ಲ. ಬ್ಯಾಂಡ್ ಮತ್ತೆ ಎದ್ದಾಗ ಕೀಬೋರ್ಡ್ ಸತ್ತಿತ್ತು, ಸ್ಪೀಕರಿನಿಂದ ಯಾವುದೋ ಹೋಟೆಲ್ ಲಿಫ್ಟಿನ ಸಂಗೀತ ಬರುತ್ತಿತ್ತು. ಸ್ಪೇಸ್ ಬಾರ್ ಮತ್ತೆ ಒತ್ತಿದೆ. ಸ್ಕ್ರೀನ್ ಲಾಕ್. ಎರಡು ನಿಮಿಷಕ್ಕೊಮ್ಮೆ ಲಾಕ್ ಆಗುವಂತೆ ಇಟ್ಟವರೂ ಅದೇ ಮ್ಯಾನೇಜರ್. ಪಾಸ್‌ವರ್ಡ್ ತಪ್ಪು. ಇನ್ನೊಮ್ಮೆ, ತಪ್ಪು. ಕ್ಯಾಪ್ಸ್ ಲಾಕ್ ಆನ್ ಇತ್ತು. ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಹಾಲ್ ನಗುತ್ತಿತ್ತು. ತಲೆ ಎತ್ತಿದರೆ ಅಂಕಲ್ ಆ ಫಿಲ್ಲರ್ ಟ್ಯೂನನ್ನೇ ಸ್ಯಾಕ್ಸಿನಲ್ಲಿ ಹಿಡಿದಿದ್ದರು. ಕಾಂಗಾದವನು ಕಣ್ಣೀರು ಬರುವಷ್ಟು ನಗುತ್ತಾ ಅದಕ್ಕೂ ಕ್ಲಾವೆ ಕೂರಿಸುತ್ತಿದ್ದ.

ತಡೆಯದೆ ವೈರ್ ಕಿತ್ತುಹಾಕಿದೆ. ಆ ಗಡಿಬಿಡಿಯಲ್ಲಿ ಅನ್‌ಮ್ಯೂಟ್ ಮಾಡುವುದೇ ಮರೆತುಹೋಯಿತು. ಆಗ ಆ ರೂಮಿನ ನಿಜವಾದ ಸದ್ದು ಮೊದಲ ಸಲ ಕೇಳಿಸಿತು. ಡ್ರಮ್ಸ್ ಮೈಕಿಲ್ಲದೆ ಧಾರಾಳವಾಗಿತ್ತು. ಸ್ಯಾಕ್ಸ್ ಗೋಡೆಗೆ ಬಡಿದು ಬೆಚ್ಚಗೆ ವಾಪಸ್ ಬರುತ್ತಿತ್ತು. ಜನ ಮುಂದೆ ಬಾಗಿ ಕೇಳುತ್ತಿದ್ದರು. ಕಾಣೆಯಾಗಿದ್ದದ್ದು ಕೀಬೋರ್ಡ್ ಒಂದೇ. ಅದನ್ನು ಮಾತ್ರ ತೆರೆದೆ. ಬೇಸಿಗೆ ಅದರ ಸ್ವಂತ ಆ್ಯಂಪ್ ಸಾಕಾಗಿತ್ತು.

ನಾಚಿಕೆಯ ಮಾತೆಂದರೆ ಇದೆಲ್ಲ ನನಗೆ ಗೊತ್ತಿತ್ತು. ಧಾರವಾಡದ ಬೈಠಕ್‌ಗಳಿಗೆ ಮೈಕ್ ಇಟ್ಟವನು ನಾನು. ಅಲ್ಲಿ ಒಂದೇ ಬೋಲನ್ನು ಮೂರು ಸಲ ನುಡಿಸಿ ಮುಗಿಸುವ ತಿಹಾಯಿಯ ನಡುವೆ ತಬಲಾ ಉಸಿರು ಹಿಡಿದಾಗ ಫೇಡರ್ ಮುಟ್ಟಿದ್ದರೆ ಬೆನ್ನಿಗೆ ಗುದ್ದು ಬೀಳುತ್ತಿತ್ತು. ಸ್ಯಾಕ್ಸ್ ಮತ್ತು ಡ್ರಮ್ಸ್ ನಾಲ್ಕು ನಾಲ್ಕು ಬಾರ್ ಹಂಚಿಕೊಳ್ಳುವುದು ಸವಾಲ್-ಜವಾಬ್ ಅಲ್ಲದೆ ಇನ್ನೇನು? ವೇದಿಕೆಯಲ್ಲಿ ಜುಬ್ಬಾದ ಬದಲು ಕೋಟು ಕಂಡಿತು, ಕಿವಿಯನ್ನು ಹುಬ್ಬಳ್ಳಿಯಲ್ಲೇ ಬಿಟ್ಟು ಬಂದವನ ಹಾಗೆ ಆಡಿದೆ.

ಸಾಮಾನು ಕಟ್ಟುವಾಗ ಅಂಕಲ್ ಬೈಯಲಿಲ್ಲ. ನೆತ್ತಿ ತಟ್ಟಿದರೆ ‘ಹೆಡ್’ಗೆ, ಅಂದರೆ ಮೊದಲ ಟ್ಯೂನಿಗೆ ವಾಪಸ್ ಅಂತ ಅರ್ಥ, ಅದನ್ನು ಹೇಳಿಕೊಟ್ಟರು. ದೊಡ್ಡ ಬ್ಯಾಂಡಿನಲ್ಲಿ ಹದಿನೈದು ಹದಿನಾರು ಜನ ಹಾಳೆ ನೋಡಿ ನುಡಿಸುತ್ತಾರೆ. ಇಲ್ಲಿ ಬರೆದಿರುವುದು ಹೆಡ್ ಮಾತ್ರ, ಮಿಕ್ಕಿದ್ದೆಲ್ಲ ಕಣ್ಣಲ್ಲೇ ನಡೆಯುವ ಮಾತುಕತೆ. ಅವರ ಅಪ್ಪ ಬಾಂಬೆಯ ಹೋಟೆಲ್ ಬ್ಯಾಂಡುಗಳಲ್ಲಿ ಟ್ರಂಪೆಟ್ ಊದಿದವರಂತೆ. ಗೋವಾದ ಅಲ್ಡೋನಾ ಊರಿನ ಟ್ರಂಪೆಟ್ ವಾದಕ ಚಿಕ್ ಚಾಕೊಲೇಟ್ ಹೆಸರು ಹೇಳುವಾಗ ಅಂಕಲ್ ಎದ್ದು ನಿಂತರು. ಚಿಕ್ ತಾಜ್ ಹೋಟೆಲಿನಲ್ಲಿ ಊದಿದ ಅದೇ ಟ್ರಂಪೆಟ್ ಸಂಗೀತ ನಿರ್ದೇಶಕ ಸಿ. ರಾಮಚಂದ್ರರ ಹಿಂದಿ ಸಿನಿಮಾ ಹಾಡುಗಳಲ್ಲೂ ಇದೆ. 1947ರಲ್ಲಿ ಅಮೆರಿಕದ ಜಾಝ್ ಟ್ರಂಪೆಟ್ ವಾದಕ ಡಿಝಿ ಗಿಲೆಸ್ಪಿ ಕ್ಯೂಬಾದ ಚಾನೊ ಪೊಝೊನನ್ನು ಕಾಂಗಾಕ್ಕೆ ಕೂರಿಸಿಕೊಂಡ ಕತೆ ಶುರುವಾಗುವಷ್ಟರಲ್ಲಿ ವಾಚ್‌ಮನ್ ಗೇಟ್ ಹಾಕಲು ಬಂದ.

ಮ್ಯಾನೇಜರ್ ಆ ತಿಂಗಳ ಸಂಬಳದಲ್ಲಿ ಐನೂರು ಹಿಡಿದುಕೊಂಡರು. ಯಾಕೆ ಅಂದರೆ, ಫಿಲ್ಲರ್ ಹಾಕಿದ್ದಕ್ಕಲ್ಲ, ವೈರ್ ಕಿತ್ತದ್ದಕ್ಕೆ. ಮೆಸೇಜ್ ಇನ್ನೂ ಪಿನ್ ಆಗೇ ಇದೆ.

ಅದೇ ಬ್ಯಾಂಡ್ ಈಗ ತಿಂಗಳಿಗೊಮ್ಮೆ ಬರುತ್ತದೆ. ಆ ಹಾಡಿನಲ್ಲಿ ಅಂಕಲ್ ನೆತ್ತಿ ತಟ್ಟುವ ಮೊದಲು ನನ್ನ ಕಡೆ ನೋಡುತ್ತಾರೆ. ನಾನು ಎರಡೂ ಕೈ ಮೇಲೆತ್ತಿ ತೋರಿಸುತ್ತೇನೆ.